ಎಂಟು ಹೆಗಲಿನ ಅಳತೆ

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಸೀಮೆಯಲ್ಲಿ ಅಗೆದರೂ ಬಂಡೆ, ಅಗೆಯದಿದ್ದರೂ ಬಂಡೆ. ರಾಮನಗರದಿಂದ ಬಳ್ಳಾರಿಯ ಕಡೆಗೆ ಚಾಚಿಕೊಂಡ, ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಪಟ್ಟಿಗೆ ಭೂವಿಜ್ಞಾನಿಗಳು ರಾಮನಗರದ ಹಳೆಯ ಹೆಸರನ್ನೇ ಇಟ್ಟು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದರು. ಹೀಗೆ ಕಲ್ಲೇ ತುಂಬಿದ ನಾಡಿನಲ್ಲಿ ಲಾರಿಯ ಬೆನ್ನಿಗೆ ಕೂರಿಸಿದ ಪುಟ್ಟ ಕ್ರೇನಿಗೆ ಬೇಡಿಕೆ ಹುಟ್ಟಿದ್ದು ಏಕೆ? ಭಾರ ಹೆಚ್ಚಾಯಿತು, ಯಂತ್ರ ಬಂತು ಎಂಬುದು ಥಟ್ಟನೆ ಹೊಳೆಯುವ ಉತ್ತರ. ಅದು ತಪ್ಪೆಂದು ನನ್ನ ವಾದ. ಭಾರ ಮೊದಲಿನಷ್ಟೇ ಇತ್ತು. ಅದಕ್ಕೆ ಹೆಗಲು ಕೊಡುತ್ತಿದ್ದ ಗುಂಪು ಚದುರಿತು.

ಹಳೆಯ ಕಸುಬು ಹೇಗಿತ್ತೆಂದು ನೋಡಿದರೆ ಇದು ತಿಳಿಯುತ್ತದೆ. ಬೆಂಗಳೂರಿನ ಕಡೆ ಬೆಂಕಿಯಿಂದ ಬಂಡೆ ಬಿಡಿಸುವ ರೀತಿಯನ್ನು ಎಚ್. ವಾರ್ತ್ 1895ರ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದ. ಬರಿ ಬಂಡೆಯ ಮೇಲೆ ಸೌದೆಯ ಕಿರಿದಾದ ಸಾಲು ಹೊತ್ತಿಸಿ, ಅದನ್ನು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುವುದು. ಬೆಂಕಿಯ ಮುಂದಿನ ಕಲ್ಲನ್ನು ಬಡಿದು, ಪೊಳ್ಳು ಸದ್ದು ಬಂತೆಂದರೆ ಪದರ ಎದ್ದಿದೆ ಎಂದು ತಿಳಿಯುವುದು. ಕಿವಿಯೇ ಅಲ್ಲಿ ಅಳತೆಗೋಲು. ಹೀಗೆ ಎಷ್ಟೇ ಅಗಲದ ಹಾಸು ಎದ್ದರೂ ಕಲ್ಲುಕುಟಿಗರು ಸಾಲಾಗಿ ಉಳಿಗುಳಿ ಹೊಡೆದು ಅದನ್ನು ಸೀಳುತ್ತಿದ್ದದ್ದು ಹೊರುವವರ ಲೆಕ್ಕಕ್ಕೆ. ಒಂದು ಘನ ಅಡಿ ಗ್ರಾನೈಟ್ ಹತ್ತಿರಹತ್ತಿರ 75 ಕಿಲೋ ತೂಗುತ್ತದೆ. ಆರಡಿ ಉದ್ದ, ಎರಡಡಿ ಅಗಲ, ನಾಲ್ಕಿಂಚು ದಪ್ಪದ ಚಪ್ಪಡಿ ಎಂದರೆ 300 ಕಿಲೋ: ಹಗ್ಗ ಬಿಗಿದು ಗಳಕ್ಕೆ ತೂಗುಹಾಕಿದರೆ ಎಂಟು ಮಂದಿಯ ಹೊರೆ. ಏಳಡಿಯ, ಆರಿಂಚು ಚೌಕದ ಬೇಲಿಕಂಬ 130 ಕಿಲೋ, ಅಂದರೆ ನಾಲ್ವರ ಹೊರೆ. ಎಷ್ಟು ಜನ ಸಿಗುತ್ತಾರೆ ಎಂಬುದೇ ಕಲ್ಲಿನ ಗಾತ್ರವನ್ನು ಗೊತ್ತುಮಾಡುತ್ತಿತ್ತು.

ಗಣಿಗಳಲ್ಲಿ ಭಾರ ಹೆಚ್ಚಿತಲ್ಲ ಎಂದು ಕೇಳಬಹುದು. ನಿಜ. ರಫ್ತಿಗೆಂದು ಕತ್ತರಿಸುವ ಬ್ಲಾಕು ಘನ ಮೀಟರಿಗೆ ಎರಡೂಮುಕ್ಕಾಲು ಟನ್ನಿನ ಆಸುಪಾಸು. ಆದರೆ ಅದನ್ನು ಎತ್ತುವುದು ನಾಲ್ಕೂ ಕಡೆ ತಂತಿ ಬಿಗಿದು ನಿಲ್ಲಿಸಿದ ಡೆರಿಕ್ ಕ್ರೇನು, ದೊಡ್ಡ ಲೋಡರು. ಪುಟ್ಟ ಕ್ರೇನಿನ ಕತೆಯೇ ಬೇರೆ. ಸ್ವೀಡನ್ನಿನಲ್ಲಿ ಹಿಮಹಾವುಗೆ ತಯಾರಿಸುತ್ತಿದ್ದ ಎರಿಕ್ ಸುಂಡಿನ್ 1944ರಲ್ಲಿ ಕಟ್ಟಿದ ಹಿಯಾಬ್ ಕಂಪನಿ, ಲಾರಿಯ ಎಂಜಿನ್ನಿನ ಬಲದಿಂದಲೇ ಓಡುವ ಹೈಡ್ರಾಲಿಕ್ ಕ್ರೇನನ್ನು 1947ರಲ್ಲಿ ಮಾರುಕಟ್ಟೆಗೆ ತಂದಿತು. ಅದರ ಹೆಚ್ಚುಗಾರಿಕೆ ಬಲದಲ್ಲಿಲ್ಲ. ಆರು ಟನ್-ಮೀಟರಿನ ಕ್ರೇನು ಎರಡು ಮೀಟರ್ ದೂರದಲ್ಲಿ ಮೂರು ಟನ್ ಎತ್ತಿದರೆ, ತೋಳನ್ನು ಆರು ಮೀಟರಿಗೆ ಚಾಚಿದಾಗ ಒಂದೇ ಟನ್, ತೋಳಿನ ತೂಕ ಕಳೆದರೆ ಅದಕ್ಕೂ ಕಡಿಮೆ. ನಮ್ಮ ಚಪ್ಪಡಿಗೆ ಅಷ್ಟು ಧಾರಾಳವಾಯಿತು. ಹೊತ್ತು ತಂದ ಲಾರಿಯೇ ಜಾಕು ಊರಿ ಇಳಿಸಿಯೂ ಕೊಡುತ್ತದೆ, ಒಬ್ಬ ಡ್ರೈವರ್ ಸಾಕು ಎಂಬುದೇ ಅದರ ಗುಣ. ಹೈಡ್ರಾ ಎಂಬ ಓಡಾಡುವ ಕ್ರೇನನ್ನು ಕರೆಸಿದರೆ ಅದಕ್ಕೆ ಬೇರೆ ಬಾಡಿಗೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಕೂಲಿ ಅಗ್ಗವಿರುವ ಕಡೆ ಕ್ರೇನ್ ಏಕೆ? ಅಗ್ಗ ಎಂಬ ಮಾತನ್ನೇ ಸ್ವಲ್ಪ ಕೆದಕಬೇಕು. ಅರ್ಧ ಗಂಟೆಯ ಕೆಲಸಕ್ಕೆ ಎಂಟು ಜನ ಒಂದೇ ಹೊತ್ತಿಗೆ, ಒಂದೇ ಕಡೆ ಸಿಗಬೇಕು. ಹಾಗೆ ಸಿಗಬೇಕಾದರೆ ಅವರು ಬೇರೆಲ್ಲೂ ಹೋಗದಂತಿರಬೇಕು. ಕಲ್ಲುಗಣಿಗಳಲ್ಲಿ ಅವರನ್ನು ಹಿಡಿದಿಟ್ಟಿದ್ದು ಎಷ್ಟೋ ಸಲ ಕೂಲಿಯಲ್ಲ, ಮುಂಗಡ ಸಾಲ. ಜೀತಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಆದರೂ 2000ದಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲುಗಣಿಯಲ್ಲಿ ಕಾಲಿಗೆ ಸರಪಳಿ ಬಿಗಿಸಿಕೊಂಡ ಕೂಲಿಗಳು ಪತ್ತೆಯಾದರು. ಇದನ್ನು ಅಗ್ಗ ಎನ್ನುವುದು ಲೆಕ್ಕಪುಸ್ತಕದ ಭಾಷೆ. ಇತ್ತ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶ, ಕನಕಪುರ ರಸ್ತೆಯುದ್ದಕ್ಕೂ ಬೆಳೆದ ಬೆಂಗಳೂರು ತಿಂಗಳ ಸಂಬಳದ ದಾರಿ ತೆರೆದವು. 2021ರ ಜನವರಿಯಲ್ಲಿ ಮೆಟ್ರೊ ಅದೇ ರಸ್ತೆಯ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೂ ಬಂತು. ಎಂಟು ಹೆಗಲಲ್ಲಿ ಎರಡು ಆ ಕಡೆ ಹೋದರೂ ಉಳಿದ ಆರರಿಂದ ಚಪ್ಪಡಿ ಏಳದು. ಯಂತ್ರವೇ ಕೂಲಿಯನ್ನು ಓಡಿಸಿತು ಎನ್ನುವವರು ಈ ಲೆಕ್ಕವನ್ನು ಮರೆಯುತ್ತಾರೆ.

ಹಾಗೆಂದು ಹಳೆಯದೆಲ್ಲ ಅಳಿದಿಲ್ಲ. ಬೇಲಿಕಂಬಗಳನ್ನು ಈಗಲೂ ಲಾರಿಯ ಹಿಂಬದಿಗೆ ಎರಡು ದಿಮ್ಮಿ ಓರೆ ಕೊಟ್ಟು, ಹಾರೆಯಿಂದ ಮೀಟಿ ಜಾರಿಸುವುದುಂಟು. ಕ್ರೇನಿನ ಕೊಕ್ಕೆಗೆ ಸಿಕ್ಕಿ ಮೇಲೇಳುವ ಚಪ್ಪಡಿಯೂ ಇವತ್ತಿಗೂ ಅದೇ ಆರಡಿ, ಎರಡಡಿ.