ಬೋಧಕನಿಗೆ ಆಧಾರ: ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ಸೀಮೆಯ ವಿಶೇಷ ಶಿಕ್ಷಣ

ವಿದ್ಯಾದಾನವೆಂಬ ಮಾತು ಕನ್ನಡನಾಡಿನಲ್ಲಿ ಬಹು ಹಳೆಯದು. ಆದರೆ ಆ ದಾನವು ಯಾರ ಕೈಸೇರುತ್ತಿತ್ತೆಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಸಾಲೋಟಗಿ ಶಾಸನವು (ಕ್ರಿ.ಶ. 945) ವಿದ್ಯಾರ್ಥಿಗಳ ವಸತಿಗೆ ಮಾತ್ರವಲ್ಲದೆ ಉಪಾಧ್ಯಾಯನ ಜೀವನಕ್ಕೂ ಭೂಮಿ ಬಿಟ್ಟುದನ್ನು ತಿಳಿಸುತ್ತದೆ. ಬೋಧಕನು ಉಳಿದರೆ ಮಾತ್ರ ಶಾಲೆ ಉಳಿಯುವುದೆಂಬ ತಿಳಿವಳಿಕೆ ಈ ದತ್ತಿಯಲ್ಲಿ ಅಡಗಿದೆ. ಅಂದಿನ ವಿದ್ಯಾಸ್ಥಾನಗಳು ಎಲ್ಲರಿಗೂ ತೆರೆದಿರಲಿಲ್ಲವೆಂಬುದೂ ಅಷ್ಟೇ ಸತ್ಯ. ಕಣ್ಣು ಕಾಣದ, ಕಿವಿ ಕೇಳದ ಮಕ್ಕಳಿಗೆಂದೇ ಏರ್ಪಟ್ಟ ಶಾಲೆಗಳು ನಮ್ಮಲ್ಲಿ ಆಧುನಿಕ ಕಾಲದವು.

ಭಾರತದ ಮೊದಲ ಅಂಧರ ಶಾಲೆ 1887ರಲ್ಲಿ ಅಮೃತಸರದಲ್ಲಿ ಆರಂಭವಾಯಿತು. ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು ಕಿವುಡರ ಮತ್ತು ಅಂಧರ ಪಾಠಶಾಲೆಯನ್ನು 1901ರಲ್ಲಿ ಸ್ಥಾಪಿಸಿದರು. ಕನ್ನಡಕ್ಕೆ ಹೊಂದುವ ಬ್ರೈಲ್ ಲಿಪಿಯೊಂದನ್ನು ರೂಪಿಸಿದವರೂ ಅವರೇ. 1951ರಲ್ಲಿ ದೇಶಕ್ಕೆಲ್ಲ ಸಮಾನವಾದ ಭಾರತಿ ಬ್ರೈಲ್ ಅಂಗೀಕೃತವಾಗುವವರೆಗೆ ಪ್ರಾಂತಪ್ರಾಂತಗಳಲ್ಲಿ ಇಂತಹ ಹಲವು ಪದ್ಧತಿಗಳಿದ್ದವು. ಇಲ್ಲಿ ಗಮನಾರ್ಹವಾದ ಸಂಗತಿಯೆಂದರೆ, ಈ ಶಿಕ್ಷಣದಲ್ಲಿ ಪಠ್ಯಕ್ಕಿಂತ ಮೊದಲು ಅದರ ಲಿಪಿಯೇ ಸಿದ್ಧವಾಗಬೇಕಾಗಿತ್ತು. ಆ ಹೊರೆಯನ್ನು ಹೊತ್ತವನು ಬೋಧಕನೇ.

ಈ ಶಾಲೆಯಿದ್ದುದು ಮೈಸೂರು ನಗರದಲ್ಲಿ. ಅಲ್ಲಿಂದ ನಂಜನಗೂಡಿಗೆ 1891ರಲ್ಲಿಯೇ ರೈಲು ಬಂದಿತ್ತು. ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲೂ ಬಹಳ ದೂರದ ಊರಲ್ಲ. ಆದರೂ ಹಳ್ಳಿಯ ಬಡ ಒಕ್ಕಲಿಗೆ ನಗರದ ಶಾಲೆಯೆಂದರೆ ಮಗುವನ್ನು ಮನೆಯಿಂದ ಅಗಲಿಸುವುದೇ ಆಗಿತ್ತು. ಮುಂದಿನ ಸಂಸ್ಥೆಗಳೂ ಬಹುಮಟ್ಟಿಗೆ ನಗರದಲ್ಲಿಯೇ ಬೆಳೆದವು. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾಯಿತು. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1954ರಲ್ಲಿ ಕಟ್ಟಿದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಅಂಗವಿಕಲರ ಪಾಲಿಟೆಕ್ನಿಕ್ಕನ್ನು 1991ರಲ್ಲಿ ತೆರೆದುದೂ ಮೈಸೂರಿನಲ್ಲಿಯೇ. ವಾಕ್ ಶ್ರವಣ ಸಂಸ್ಥೆಯು ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಲ್ಲಿ ಸೇವಾಕೇಂದ್ರವನ್ನು ತೆರೆದುದರಿಂದ ಈ ಓಟದ ದಿಕ್ಕು ಸ್ವಲ್ಪ ತಿರುಗಿತು: ಮಗು ಪಟ್ಟಣಕ್ಕೆ ಹೋಗುವುದರ ಬದಲು ಪರಿಣತಿಯೇ ಹಳ್ಳಿಗೆ ಬಂದಿತು.

ಕಾನೂನು ನಡೆದುದೂ ಇದೇ ದಿಕ್ಕಿನಲ್ಲಿ. ಸಾಮಾನ್ಯ ಶಾಲೆಯಲ್ಲಿಯೇ ಇಂತಹ ಮಕ್ಕಳಿಗೆ ಕಲಿಸುವ ಕೇಂದ್ರದ ಯೋಜನೆ 1974ರಲ್ಲಿ ಬಂದಿತು. 1992ರ ಪುನರ್ವಸತಿ ಪರಿಷತ್ತಿನ ಶಾಸನವು ವಿಶೇಷ ಬೋಧಕರ ತರಬೇತಿಗೂ ನೋಂದಣಿಗೂ ನಿಯಮವನ್ನು ವಿಧಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಬ್ರೈಲ್ ಮತ್ತು ಸಂಜ್ಞಾಭಾಷೆ ಬಲ್ಲ ಬೋಧಕರನ್ನು ನೇಮಿಸಬೇಕೆಂದಿತು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಥಮಿಕ ಹಂತದಲ್ಲಿ ಇಂತಹ 10 ಮಕ್ಕಳಿಗೆ, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಬೋಧಕನಿರಬೇಕೆಂದು ಹೇಳಿತು. ಕರ್ನಾಟಕದ ತಾಲ್ಲೂಕುಗಳಲ್ಲಿ ಈ ಹೊಣೆಯು ಬಿ.ಐ.ಇ.ಆರ್.ಟಿ. ಎಂಬ ಹೆಸರಿನ ಸಂಪನ್ಮೂಲ ಶಿಕ್ಷಕರ ಮೇಲೆ ಬಿದ್ದಿದೆ. ಅವರಿಗೆ ಒಂದು ತರಗತಿಯೆಂಬುದಿಲ್ಲ; ಶಾಲೆಯಿಂದ ಶಾಲೆಗೆ, ನಡೆಯಲಾಗದ ಮಗುವಿದ್ದರೆ ಮನೆಯ ಬಾಗಿಲಿಗೆ, ಅವರು ಹೋಗಬೇಕು.

ಹೀಗಿರುವಾಗ ಧರ್ಮಸಂಸ್ಥೆಗಳ ಪಾತ್ರವೇನು? ಬೋಧಕನ ವೇತನವು ಸರ್ಕಾರದ ಹೊಣೆ. ದಾನವು ಅದಕ್ಕೆ ಬದಲಿಯಾಗಬಾರದೆಂದು ನಾವು ಭಾವಿಸುತ್ತೇವೆ. ಆದರೆ ಮಗುವಿನ ಅಳವಿಗೆ ತಕ್ಕ ಪಾಠೋಪಕರಣ, ಹಳ್ಳಿಗಳ ಸಂಚಾರದ ವೆಚ್ಚ, ಮರುತರಬೇತಿ, ಒಂಟಿಯಾಗಿ ದುಡಿಯುವ ಬೋಧಕರು ಒಂದೆಡೆ ಕಲೆತು ಅನುಭವವನ್ನು ಹಂಚಿಕೊಳ್ಳುವ ಏರ್ಪಾಡು, ಇವು ದಾನಿಗಳ ಕೈಗೆಟುಕುವ ಕೆಲಸಗಳು. ಕಟ್ಟಡದ ಗೋಡೆಯ ಮೇಲೆ ದಾನಿಯ ಹೆಸರನ್ನು ಕೆತ್ತಬಹುದು. ಬೋಧಕನಿಗೆ ಸಂದ ನೆರವಿಗೆ ಅಂತಹ ಕಲ್ಲು ದೊರೆಯದು. ಬಹುಶಃ ಆ ಕಾರಣದಿಂದಲೇ ಇದು ಹಿಂದೆ ಬಿದ್ದಿದೆ. ಸಾಲೋಟಗಿಯ ದಾನಿಯು ಸಾವಿರ ವರ್ಷಗಳ ಹಿಂದೆ ಕಂಡ ಸತ್ಯವನ್ನು, ಅಂದು ಹೊರಗುಳಿದವರಿಗೂ ಸಲ್ಲುವಂತೆ, ಕಪಿಲೆಯ ದಡದ ಹಳ್ಳಿಗಳಲ್ಲಿ ನಡೆಸಿ ತೋರಿಸುವುದು ನಮ್ಮ ಕಾಲದ ಕರ್ತವ್ಯವಾಗಿದೆ.