ಅವಳು ಮನೆ ಬಿಟ್ಟು ಎಲ್ಲಿಗೆ ಹೋಗಬೇಕಿತ್ತು?

ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಇಂದಿನ ವಿದ್ಯಾರ್ಥಿನಿಯೊಬ್ಬಳು ಓದಿ ಮುಗಿಸಿದಾಗ ಅವಳ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ ಕಥನತಂತ್ರದ್ದಲ್ಲ, ಪ್ರಾದೇಶಿಕ ಭಾಷೆಯದ್ದೂ ಅಲ್ಲ. ನಂಜಮ್ಮ ಇಷ್ಟೆಲ್ಲ ಏಕೆ ಸಹಿಸಿಕೊಂಡಳು, ಆ ಮನೆ ಬಿಟ್ಟು ಏಕೆ ಹೋಗಲಿಲ್ಲ ಎಂದೇ ಅವಳು ಕೇಳುತ್ತಾಳೆ. ‘ಫಣಿಯಮ್ಮ’ ಓದಿದರೂ ಇದೇ ಪ್ರಶ್ನೆ, ‘ಕಾನೂರು ಹೆಗ್ಗಡಿತಿ’ ಓದಿದರೂ ಇದೇ ಪ್ರಶ್ನೆ. ತರಗತಿಯಲ್ಲಿ ಇದಕ್ಕೆ ಸಿಗುವ ಉತ್ತರಗಳು ಎರಡು: ‘ಆ ಕಾಲವೇ ಹಾಗಿತ್ತು’ ಎಂಬುದು ಒಂದು, ‘ಹಳೆಯ ಕೃತಿಯನ್ನು ಇಂದಿನ ಕಣ್ಣಿನಿಂದ ನೋಡಬಾರದು’ ಎಂಬುದು ಇನ್ನೊಂದು. ಎರಡೂ ಪ್ರಶ್ನೆಯ ಬಾಯಿ ಮುಚ್ಚಿಸುತ್ತವೆ. ನನ್ನ ವಾದ ಇದಕ್ಕೆ ವಿರುದ್ಧವಾದದ್ದು. ಓದುಗಿಯ ಸ್ವಂತ ಸಿಟ್ಟಿನಿಂದ ಹುಟ್ಟಿದ ಈ ಪ್ರಶ್ನೆಯೇ ಕನ್ನಡ ಕುಟುಂಬದ ಚರಿತ್ರೆಗೆ ಇರುವ ಅತ್ಯಂತ ನೇರವಾದ ದಾರಿ. ಅದನ್ನು ಕೊನೆಯವರೆಗೆ ಬೆನ್ನು ಹತ್ತಿದರೆ, ನಮ್ಮ ದೊಡ್ಡ ಕಾದಂಬರಿಗಳ ಮನೆಜಗಳಗಳೆಲ್ಲ ಸ್ವಭಾವದ ಜಗಳಗಳಾಗಿ ಉಳಿಯುವುದಿಲ್ಲ. ಮನೆಯಲ್ಲಿ ಯಾರಿಗೆ ಪಾಲಿತ್ತು, ಯಾರಿಗೆ ಇರಲಿಲ್ಲ ಎಂಬ ಲೆಕ್ಕ ಅವುಗಳ ಅಡಿಯಿಂದ ಎದ್ದು ಬರುತ್ತದೆ.

ಈ ಲೆಕ್ಕದ ಮೂಲ ಕನ್ನಡ ನೆಲದಲ್ಲೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರ’ ವ್ಯಾಖ್ಯಾನವನ್ನು ಬ್ರಿಟಿಷರ ಕಾಲದ ನ್ಯಾಯಾಲಯಗಳು ಬಂಗಾಳವನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ದೇಶದ ಹಿಂದೂ ಕುಟುಂಬಗಳಿಗೆ ಕಾನೂನಾಗಿ ಅನ್ವಯಿಸಿದವು. ಅದರ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಹಕ್ಕು. ಮಗಳಿಗೆ ಮದುವೆಯ ಖರ್ಚು, ಸೊಸೆಗೆ ಅನ್ನಬಟ್ಟೆ, ವಿಧವೆಗೆ ಜೀವನಾಂಶ. ಹೆಣ್ಣಿನ ಕೈಯಲ್ಲಿ ತನ್ನದೆಂದು ಉಳಿಯುವುದು ತವರಿನಿಂದ ಬಂದ ಒಡವೆ, ಪಾತ್ರೆ, ಸೀರೆ ಮಾತ್ರ. ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಹೆಣ್ಣಿನ ಸಂತತಿಯ ಮೂಲಕ ಇಳಿಯುತ್ತಿತ್ತು ನಿಜ, ಆದರೆ ಅಲ್ಲಿಯೂ ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನ ಕೈಯಲ್ಲಿರುತ್ತಿತ್ತು. ಇಂಥ ವ್ಯವಸ್ಥೆಯಲ್ಲಿ ಬಿರುಕು ಎಲ್ಲಿ ಬಿಡುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಹಿಸ್ಸೆ ಕೇಳುವ ಹಕ್ಕಿರುವ ಅಣ್ಣತಮ್ಮಂದಿರ ನಡುವೆ ಒಂದು ಬಿರುಕು. ಮಗನ ಮೂಲಕವಲ್ಲದೆ ಬೇರೆ ಬಲವೇ ಇಲ್ಲದ ಅತ್ತೆಗೂ ಅದೇ ಗಂಡಸನ್ನು ನೆಚ್ಚಬೇಕಾದ ಸೊಸೆಗೂ ನಡುವೆ ಇನ್ನೊಂದು. ಯಾರ ಪಾಲಿನಲ್ಲೂ ಸೇರದ ವಿಧವೆಗೂ ಇಡೀ ಮನೆಗೂ ನಡುವೆ ಮೂರನೆಯದು. ಕನ್ನಡದ ಶ್ರೇಷ್ಠ ಕುಟುಂಬ ಕಾದಂಬರಿಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದರ ಮೇಲೆ ನಿಂತಿವೆ.

ಮನೆ ಬಿಟ್ಟು ಹೋದ ಹೆಣ್ಣಿನಿಂದಲೇ ಕನ್ನಡದ ಸಾಮಾಜಿಕ ಕಾದಂಬರಿ ಶುರುವಾಗುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಇಂದಿರೆಯನ್ನು ತಾಯಿ ಅಂಬಾಬಾಯಿ ಕಪಟ ಸಂತರ ಸೇವೆಗೆ ತಳ್ಳಲು ಹೊರಟಾಗ ಅವಳು ಮನೆಯಿಂದ ತಪ್ಪಿಸಿಕೊಂಡು, ಸುಧಾರಣೆಯ ಮನಸ್ಸಿನ ಅಮೃತರಾಯರ ಆಶ್ರಯ ಪಡೆಯುತ್ತಾಳೆ, ಓದುತ್ತಾಳೆ, ಕೊನೆಗೆ ಭಾಸ್ಕರರಾಯನನ್ನು ಮದುವೆಯಾಗುತ್ತಾಳೆ. ಹಾಗಾದರೆ ಇಂದಿರೆಗೆ ಸಾಧ್ಯವಾದದ್ದು ಉಳಿದವರಿಗೆ ಏಕೆ ಆಗಲಿಲ್ಲ? ಕಾದಂಬರಿಯನ್ನು ಎಚ್ಚರದಿಂದ ನೋಡಿದರೆ ಉತ್ತರ ಸಿಗುತ್ತದೆ. ಅವಳು ಹೊಸ್ತಿಲು ದಾಟಿದಾಗ ಅದೇ ಊರಿನಲ್ಲಿ ತೆರೆದ ಇನ್ನೊಂದು ಬಾಗಿಲಿತ್ತು, ಶಾಲೆಯಿತ್ತು, ಇಂಗ್ಲಿಷ್ ವಿದ್ಯೆಯಿಂದ ಸರ್ಕಾರಿ ಅಧಿಕಾರಕ್ಕೆ ಏರಿದ ವರನಿದ್ದ. ಕಾನೂನಿನ ಕಡೆಯಿಂದ ಅವಳಿಗೆ ಸಿಕ್ಕಿದ್ದು ಅರ್ಧ ಮಾತ್ರ. 1856ರ ವಿಧವಾ ವಿವಾಹ ಕಾಯಿದೆ ಮರುಮದುವೆಯನ್ನು ಸಿಂಧುವೆಂದು ಒಪ್ಪಿತು, ಆದರೆ ಮರುಮದುವೆಯಾದವಳು ತೀರಿಹೋದ ಗಂಡನ ಆಸ್ತಿಯಲ್ಲಿ ತನಗಿದ್ದ ಹಕ್ಕನ್ನು ಕಳೆದುಕೊಳ್ಳುತ್ತಾಳೆ ಎಂದೂ ಹೇಳಿತು. ಹೊಸ ಬಾಳು ಬೇಕೆಂದವಳು ಹಳೆಯ ಅನ್ನವನ್ನು ಬಿಟ್ಟುಕೊಡಬೇಕು. ಗುಲ್ವಾಡಿಯವರ ಕಥೆಗೆ ಅಷ್ಟು ಅನುಕೂಲಸ್ಥನಾದ ವರ ಬೇಕಾದದ್ದಕ್ಕೆ ಇದೂ ಒಂದು ಕಾರಣವೆಂದು ನಾನು ಓದುತ್ತೇನೆ.

ಇಂಥ ಎರಡನೆಯ ಬಾಗಿಲು ಇಲ್ಲದ ಮನೆಯ ಒಳಗನ್ನು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ತೋರಿಸುತ್ತದೆ. ನಿಜವಾಗಿ ಬದುಕಿದ್ದ, ಶತಮಾನಕ್ಕೂ ಹೆಚ್ಚು ಕಾಲ ಬಾಳಿದ ಹಿರಿಯಳೊಬ್ಬಳ ಕಥೆಯನ್ನು ಆಧರಿಸಿದ ಕಾದಂಬರಿ ಇದು. ಮಲೆನಾಡಿನ ತುಂಬಿದ ಮನೆಯಲ್ಲಿ ಆಡುವ ವಯಸ್ಸಿಗೆ ಮದುವೆ, ಅದರ ಬೆನ್ನಿಗೇ ವೈಧವ್ಯ, ಮೈನೆರೆದ ಮೇಲೆ ಕೇಶಮುಂಡನ, ಅಲ್ಲಿಂದ ಮುಂದೆ ಕೆಂಪು ಸೀರೆ, ಒಪ್ಪೊತ್ತಿನ ಊಟ, ಮಡಿ. ಮೈಸೂರು ಸಂಸ್ಥಾನ 1894ರಲ್ಲಿ ತಂದ ಬಾಲ್ಯವಿವಾಹ ನಿಷೇಧದ ಶಾಸನವು ಎಂಟು ತುಂಬದ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕಕ್ಕಿಂತ ಚಿಕ್ಕವಳನ್ನು ಮದುವೆಯಾಗುವುದನ್ನೂ ತಡೆಯಿತು. ಎಂಟು ದಾಟಿದ ಹುಡುಗಿಯ ಬಗ್ಗೆ ಅದು ಬೇರೇನೂ ಹೇಳಲಿಲ್ಲ. ಹುಡುಗಿಯರಿಗೆ ಹದಿನಾಲ್ಕು ವರ್ಷದ ಮಿತಿ ಹಾಕಿದ ಶಾರದಾ ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿ ಬಂದದ್ದು 1929ರಲ್ಲಿ. ಹೀಗಿರುವಾಗ ಫಣಿಯಮ್ಮ ಏಕೆ ಹೋಗಲಿಲ್ಲ ಎಂದು ಕೇಳಿದರೆ, ತವರೇ ಅವಳ ಜೈಲೂ ಆಸರೆಯೂ ಆಗಿತ್ತು ಎನ್ನಬೇಕಾಗುತ್ತದೆ. ಆದರೆ ಕಾದಂಬರಿ ಅಲ್ಲಿಗೆ ನಿಲ್ಲುವುದಿಲ್ಲ. ತಲೆಮಾರು ಕಳೆದ ಮೇಲೆ ದಾಕ್ಷಾಯಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದೆ ತಿರುಗಿ ನಿಂತಾಗ, ಅವಳ ಪರವಾಗಿ ಮಾತಾಡುವವಳು ಇಡೀ ಬದುಕು ಮಡಿಯಲ್ಲಿ ಕಳೆದ ಈ ಫಣಿಯಮ್ಮನೇ. ಸಹಿಸಿದವಳಿಗೆ ಒಪ್ಪಿಗೆಯೂ ಇತ್ತು ಎಂದು ತಿಳಿಯುವ ನಮ್ಮ ಅವಸರವನ್ನು ಈ ಒಂದು ಪ್ರಸಂಗ ಮುರಿಯುತ್ತದೆ.

ಗಂಡಸಿಗೆ ಹೊರಗೆ ಹೋಗುವ ದಾರಿ ಹೇಗಿತ್ತೆಂಬುದನ್ನು ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಪಕ್ಕದಲ್ಲೇ ಇಟ್ಟು ತೋರಿಸುತ್ತದೆ. ಮೈಸೂರಿನಲ್ಲಿ ಓದಿ ಬಂದ ಹೂವಯ್ಯನಿಗೂ ಚಿಕ್ಕಪ್ಪ ಚಂದ್ರಯ್ಯಗೌಡರಿಗೂ ಹೊಂದಾಣಿಕೆ ಮುರಿದಾಗ ಮನೆ ಪಾಲಾಗುತ್ತದೆ. ಹೂವಯ್ಯ ತಾಯಿಯನ್ನು ಕರೆದುಕೊಂಡು ಕೆಳಕಾನೂರಿಗೆ ಹೋಗಿ ಬೇರೆ ಸಂಸಾರ ಹೂಡುತ್ತಾನೆ. ಜಗಳಕ್ಕೆ ಹಿಸ್ಸೆ ಎಂಬ ಕೊನೆಯೊಂದಿದೆ, ಏಕೆಂದರೆ ಅವನು ಆ ಮನೆಯ ಗಂಡುಮಗ. ಅದೇ ಮನೆಯಲ್ಲಿ ಗೌಡರ ಮೂರನೆಯ ಹೆಂಡತಿಯಾಗಿ ಬಂದ ಸುಬ್ಬಮ್ಮನಿಗೆ ಹೆಗ್ಗಡಿತಿ ಎಂಬ ಹೆಸರಿದೆ, ಕೇಳಿ ಪಡೆಯುವಂಥ ಪಾಲು ಇಲ್ಲ. ಕಾದಂಬರಿಯ ಮೊದಮೊದಲಿನ ಜಗಳಗಂಟಿ ಸುಬ್ಬಮ್ಮನನ್ನು ಕಂಡು ನಗುವ ಓದುಗ, ಕೊನೆಯಲ್ಲಿ ಅವಳು ತಲುಪುವ ದುರಂತವನ್ನು ಕಂಡು ತಲೆ ತಗ್ಗಿಸುತ್ತಾನೆ. ಒಂದೇ ಸೂರಿನ ಕೆಳಗೆ ಅಸಮಾಧಾನಗೊಂಡ ಇಬ್ಬರಲ್ಲಿ ಒಬ್ಬನಿಗೆ ಹೊಸ ಮನೆ, ಇನ್ನೊಬ್ಬಳಿಗೆ ಸಾವು. ಸ್ವಭಾವವೊಂದರಿಂದಲೇ ಈ ಅಂತರವನ್ನು ವಿವರಿಸಲು ಬರುವುದಿಲ್ಲ.

ಇಷ್ಟನ್ನು ಇಟ್ಟುಕೊಂಡು ‘ಗೃಹಭಂಗ’ಕ್ಕೆ (1970) ಮರಳಿದರೆ ನಂಜಮ್ಮ ಬೇರೆಯೇ ಆಗಿ ಕಾಣುತ್ತಾಳೆ. ವಿದ್ಯಾರ್ಥಿನಿ ತಿಳಿದಂತೆ ಅವಳು ಸುಮ್ಮನೆ ಸಹಿಸಿದವಳಲ್ಲ. ಗಂಡ ಚೆನ್ನಿಗರಾಯನಿಗೆ ಶ್ಯಾನುಭೋಗಿಕೆಯ ಲೆಕ್ಕ ಬರೆಯಲು ಬಾರದು. ಅವಳು ಕಲಿತು ಬರೆಯುತ್ತಾಳೆ. ಗೆರೆ ಹಾಕಿ, ಕಂದಾಯದ ಬಾಬ್ತುಗಳನ್ನು ಒಂದೊಂದಾಗಿ ತುಂಬಿ, ಮೊತ್ತ ಕೂಡಿಸಿ ಆ ಪುಸ್ತಕಗಳನ್ನು ಸಿದ್ಧಪಡಿಸುವುದು ಅವಳ ಕೈ. ಅದರ ಜೊತೆಗೆ ಮುತ್ತುಗದೆಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ತುಂಬಿಸುತ್ತಾಳೆ, ತನ್ನದೇ ಒಂದು ಸೂರು ಕಟ್ಟಿಕೊಳ್ಳುತ್ತಾಳೆ. ಅಂದರೆ ಹೊರಬರುವ ದಾರಿಯನ್ನು ಅವಳು ದಿನದಿನವೂ ಕಡಿಯುತ್ತಿದ್ದಳು. ಅಡ್ಡ ನಿಂತದ್ದು ಆ ಹುದ್ದೆಯ ಸ್ವರೂಪ. ಶ್ಯಾನುಭೋಗಿಕೆ ವಂಶಪಾರಂಪರ್ಯವಾಗಿ ಗಂಡಸರಿಗೆ ಇಳಿಯುವಂಥದ್ದು, ದುಡಿಮೆ ಅವಳದಾದರೂ ಹೆಸರು ಗಂಡನದು, ಸರ್ಕಾರದ ಹಣ ಸೇರುವುದೂ ಗಂಡನ ಹೆಸರಿಗೇ. ಇಂಥ ವಂಶಪಾರಂಪರ್ಯದ ಗ್ರಾಮಹುದ್ದೆಗಳನ್ನು ರದ್ದುಮಾಡಿದ ಕಾಯಿದೆ ನಮ್ಮಲ್ಲಿ ಆದದ್ದು 1961ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ನಂಜಮ್ಮನನ್ನೂ ಅವಳ ಇಬ್ಬರು ಮಕ್ಕಳನ್ನೂ ಪ್ಲೇಗು ಕೊಂಡೊಯ್ದಿರುತ್ತದೆ.

ಇಲ್ಲಿ ಒಂದು ಬಲವಾದ ಆಕ್ಷೇಪಣೆ ಬರುತ್ತದೆ. ಎಲ್ಲವನ್ನೂ ಪಾಲಿನ ಲೆಕ್ಕಕ್ಕೆ ಇಳಿಸಿದರೆ ನಂಜಮ್ಮನ ಅತ್ತೆ ಗಂಗಮ್ಮನ ಹೊಲಸು ಬಾಯಿ, ಚೆನ್ನಿಗರಾಯನ ಹೊಟ್ಟೆಬಾಕತನ ಇವುಗಳ ಹೊಣೆ ಯಾರದು? ಅದೇ ಊರಿನಲ್ಲಿ ಅದೇ ಕಾನೂನಿನ ಅಡಿಯಲ್ಲಿ ಒಳ್ಳೆಯ ಅತ್ತೆಯರೂ ಇದ್ದಿರಲೇಬೇಕು. ಈ ಮಾತು ಸರಿ. ಕೆಟ್ಟತನವನ್ನು ಕಾನೂನು ಹುಟ್ಟಿಸಲಿಲ್ಲ. ಆದರೆ ಕೆಟ್ಟತನಕ್ಕೆ ಎಷ್ಟು ದೂರ ಹೋಗಲು ಬಿಡಬೇಕು ಎಂಬುದನ್ನು ಅದು ನಿರ್ಧರಿಸಿತು. ಗಂಡ ಸತ್ತು, ಚಿಕ್ಕ ಮಕ್ಕಳ ಹೆಸರಿನ ಆಸ್ತಿಯನ್ನು ನೋಡಿಕೊಳ್ಳುವ ಗಂಗಮ್ಮನಿಗೆ ಇದ್ದ ಏಕೈಕ ಬಲ ಗಂಡುಮಕ್ಕಳ ಮೇಲಿನ ಹಿಡಿತ. ಸೊಸೆ ಬಂದರೆ ಅದು ಕೈಜಾರುತ್ತದೆಂಬ ಭಯ ಅವಳ ಬೈಗುಳಕ್ಕೆ ನಿತ್ಯದ ಇಂಧನ. ತನ್ನದೇ ಆದ ಹಕ್ಕಿದ್ದ ಅತ್ತೆಯೂ ಕೆಟ್ಟವಳಾಗಬಹುದಿತ್ತು, ಆದರೆ ಹಕ್ಕಿದ್ದ ಸೊಸೆ ಅವಳನ್ನು ತಡೆಯಲೂ ಬಹುದಿತ್ತು. ಕೇಡಿಗರನ್ನು ಕ್ಷಮಿಸುವುದು ಈ ಓದಿನ ಉದ್ದೇಶವಲ್ಲ. ಅವರ ಎದುರು ಉಳಿದವರು ಏಕೆ ಬರಿಗೈಯಲ್ಲಿ ನಿಂತರು ಎಂದು ತಿಳಿಯುವುದು ಅದರ ಉದ್ದೇಶ.

ಇನ್ನೊಂದು ಆಕ್ಷೇಪಣೆ ಚರಿತ್ರಕಾರರದು. ಕಾದಂಬರಿ ದಾಖಲೆಯಲ್ಲ, ಅದು ಬರೆದವನ ನಿಲುವಿಗೆ ತಕ್ಕಂತೆ ಕಟ್ಟಿದ ಲೋಕ. ಭೈರಪ್ಪನವರದೇ ‘ವಂಶವೃಕ್ಷ’ (1965) ಇದಕ್ಕೆ ಉದಾಹರಣೆ. ನಂಜನಗೂಡಿನ ಶ್ರೋತ್ರಿಯರ ವಿಧವೆ ಸೊಸೆ ಕಾತ್ಯಾಯನಿ ಮೈಸೂರಿಗೆ ಓದಲು ಹೋಗುತ್ತಾಳೆ, ರಾಜಾರಾಯನನ್ನು ಮೆಚ್ಚಿ ಮರುಮದುವೆಯಾಗುತ್ತಾಳೆ, ಮಗ ಚೀನಿ ಅಜ್ಜನ ಮನೆಯಲ್ಲೇ ಉಳಿಯುತ್ತಾನೆ. ಮುಂದೆ ಅವಳ ಬಸಿರುಗಳು ನಿಲ್ಲುವುದಿಲ್ಲ, ಅವಳು ಕೊರಗಿ ಸಾಯುತ್ತಾಳೆ. ಹೊರಗೆ ಹೋದವಳನ್ನು ಕಾದಂಬರಿಕಾರರು ಶಿಕ್ಷಿಸಿದ್ದಾರೆ ಎಂದು ವಿದ್ಯಾರ್ಥಿನಿ ಸಿಡಿದೇಳಬಹುದು. ಆ ಸಿಟ್ಟನ್ನು ನಾನು ಗೌರವಿಸುತ್ತೇನೆ. ಆದರೂ ಕೃತಿಯ ಸಾಕ್ಷ್ಯ ಅದರ ತೀರ್ಪಿಗಿಂತ ದೊಡ್ಡದು. ಮಗು ತಾಯಿಯದಲ್ಲ, ವಂಶದ್ದು ಎಂಬ ನಂಬಿಕೆ ಒಬ್ಬ ಓದಿದ ಹೆಣ್ಣಿನ ಒಳಗನ್ನೇ ಹೇಗೆ ಇಬ್ಭಾಗ ಮಾಡುತ್ತಿತ್ತು ಎಂಬುದನ್ನು ಯಾವ ನ್ಯಾಯಾಲಯದ ಕಡತವೂ ಇಷ್ಟು ಹತ್ತಿರದಿಂದ ದಾಖಲಿಸಿಲ್ಲ. ಜೊತೆಗೆ ಅದೇ ಕಾದಂಬರಿ, ಶ್ರೋತ್ರಿಯರು ತಾವು ಆ ವಂಶದ ರಕ್ತದಿಂದ ಹುಟ್ಟಿದವರೇ ಅಲ್ಲವೆಂದು ಅರಿಯುವ ಹಂತಕ್ಕೆ ಬಂದು, ಅಷ್ಟೆಲ್ಲ ಬೆಲೆ ತೆತ್ತ ವಂಶವೆಂಬ ಕಲ್ಪನೆಯ ಬುಡವನ್ನೇ ಅಲುಗಿಸುತ್ತದೆ.

ನಿಜವಾಗಿ ಒಪ್ಪಲೇಬೇಕಾದ ಮಿತಿ ಬೇರೆಯಿದೆ. ಇಲ್ಲಿಯವರೆಗೆ ಹೇಳಿದ್ದೆಲ್ಲ ಹೊಲ, ತೋಟ, ಹುದ್ದೆ, ಪೌರೋಹಿತ್ಯ ಇದ್ದ ಮನೆಗಳ ಕಥೆ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ (1933) ಪಾಲಿನ ಜಗಳವೇ ಇಲ್ಲ, ಏಕೆಂದರೆ ಪಾಲು ಮಾಡಲು ಏನೂ ಇಲ್ಲ. ಚೋಮನಿಗೆ ಬೇಕಾದದ್ದು ತಾನೇ ಉಳುವ ತುಂಡು ಭೂಮಿ. ಅದನ್ನು ಅವನ ಜಾತಿಗೆ ನಿರಾಕರಿಸಿದ ಸಮಾಜ ಅವನ ಸಂಸಾರವನ್ನು ಹೊರಗಿನಿಂದ ಒಡೆಯುತ್ತದೆ. ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಮಕ್ಕಳು ಒಬ್ಬೊಬ್ಬರಾಗಿ ಕೈತಪ್ಪುತ್ತಾರೆ. ಇದು ನನ್ನ ವಾದವನ್ನು ಸುಳ್ಳು ಮಾಡುವುದಿಲ್ಲ, ಅದನ್ನು ಇನ್ನಷ್ಟು ಆಳಕ್ಕೆ ಒಯ್ಯುತ್ತದೆ. ಮನೆಯೊಳಗೆ ಪಾಲಿಲ್ಲದವರು ಇದ್ದಂತೆಯೇ ಊರೊಳಗೆ ಪಾಲಿಲ್ಲದ ಮನೆಗಳೂ ಇದ್ದವು. ‘ಗೃಹಭಂಗ’ ಓದುವವರು ‘ಚೋಮನ ದುಡಿ’ಯನ್ನೂ ಓದದಿದ್ದರೆ ಕನ್ನಡ ಕುಟುಂಬದ ಚರಿತ್ರೆ ಅರ್ಧವೇ ಆಗುತ್ತದೆ.

ಆ ಬಳಿಕ ಕಾನೂನು ಬದಲಾಯಿತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ತಂದು ವಿಭಾಗದ ವೇಳೆ ವಿಧವೆಗೂ ಅವಿವಾಹಿತ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. 1955ರ ವಿವಾಹ ಕಾಯಿದೆ ಎರಡನೆಯ ಹೆಂಡತಿಯನ್ನು ತರುವುದನ್ನು ನಿಲ್ಲಿಸಿತು. 1956ರ ಉತ್ತರಾಧಿಕಾರ ಕಾಯಿದೆ ಹೆಣ್ಣಿನ ಸ್ವತ್ತನ್ನು ಪೂರ್ತಿ ಅವಳದೇ ಮಾಡಿತು. ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕೆಂಬ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿ ತಂದರೆ, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಹೀಗಿದ್ದೂ ಜಗಳ ನಿಂತಿಲ್ಲವಲ್ಲ ಎನ್ನುವವರಿದ್ದಾರೆ. ತವರಿನ ಪ್ರೀತಿ ಉಳಿಯಲೆಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರು ಇಂದಿಗೂ ಇದ್ದಾರೆ. ಆದರೆ ಸಹಿ ಕೇಳಬೇಕಾಗಿದೆ ಎಂಬುದೇ ಬದಲಾವಣೆ. ನಂಜಮ್ಮನ ಸಹಿಯನ್ನು ಯಾರೂ ಕೇಳಬೇಕಾಗಿರಲಿಲ್ಲ.

ಆದ್ದರಿಂದ ಅಭಿಜಾತ ಕಾದಂಬರಿಗಳನ್ನು ಪಾಠ ಮಾಡುವವರಲ್ಲಿ ನನ್ನ ಕೋರಿಕೆ ಇಷ್ಟೇ: ‘ಯಾಕೆ ಹೋಗಲಿಲ್ಲ’ ಎಂಬ ಪ್ರಶ್ನೆಯನ್ನು ಎಳಸು ಎಂದು ತಳ್ಳಿಹಾಕಬೇಡಿ. ಅದಕ್ಕೆ ‘ಎಲ್ಲಿಗೆ ಹೋಗಬೇಕಿತ್ತು, ಏನನ್ನು ಹಿಡಿದುಕೊಂಡು, ಯಾರ ಹೆಸರಿನಲ್ಲಿ’ ಎಂಬ ಮೂರು ಪ್ರಶ್ನೆಗಳನ್ನು ಸೇರಿಸಿ ಮರಳಿ ಕೊಡಿ. ಉತ್ತರ ಹುಡುಕುವ ವಿದ್ಯಾರ್ಥಿ ಸ್ಮೃತಿಯಿಂದ ಕಾಯಿದೆಯವರೆಗೆ, ಶ್ಯಾನುಭೋಗರ ಲೆಕ್ಕದಿಂದ ಕಾಫಿ ತೋಟದ ಸಾಲದವರೆಗೆ ತಾನೇ ನಡೆದು ಬರುತ್ತಾನೆ. ಮರುಕದಿಂದ ಶುರುವಾದ ಓದು ತಿಳಿವಳಿಕೆಯಾಗುವುದು ಆಗಲೇ. ತನ್ನ ಮನೆಯ ಪಹಣಿಯಲ್ಲಿ ಯಾರ ಹೆಸರಿದೆ, ಯಾರದಿಲ್ಲ ಎಂದು ನೋಡುವ ಧೈರ್ಯವೂ ಅಂಥ ಓದಿನಿಂದಲೇ ಬರಬೇಕು.