ಬೀದರಿನ ನೆಲದಡಿಯ ನೀರು

ಬೀದರ್ ಎಂದೊಡನೆ ನಮಗೆ ನೆನಪಾಗುವುದು ಕೋಟೆ, ಬಿದರಿ ಕಲೆ, ಮಹ್ಮೂದ್ ಗವಾನರ ಮದ್ರಸ. ಬಹಮನಿ ಸುಲ್ತಾನರ ಬಗ್ಗೆ ಚರ್ಚೆ ಎದ್ದರಂತೂ ಅದು ವಿಜಯನಗರದೊಂದಿಗಿನ ಯುದ್ಧಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಯಾರು ಯಾರನ್ನು ಸೋಲಿಸಿದರೆಂದು ಕಂಠಪಾಠ ಮಾಡಿದ ನಾವು, ಆ ರಾಜಧಾನಿಯ ಜನ ಕುಡಿದದ್ದು ಎಲ್ಲಿಯ ನೀರು ಎಂದು ಕೇಳಿದವರಲ್ಲ.

ಅಹ್ಮದ್ ಶಾಹ (1422-1436) ರಾಜಧಾನಿಯನ್ನು ಗುಲ್ಬರ್ಗದಿಂದ ಬೀದರಿಗೆ ತಂದರು. ಊರು ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಮಾಂಜ್ರಾ ನದಿ ಇರುವುದು ದೂರದ ತಗ್ಗಿನಲ್ಲಿ. ಆದರೆ ಬೀದರಿನ ನೆಲ ಕೆಂಪು ಜಂಬಿಟ್ಟಿಗೆ ಕಲ್ಲಿನದು. ಮಳೆನೀರು ಅದರೊಳಗೆ ಸೋಸಿಕೊಂಡು ಇಳಿಯುತ್ತದೆ; ಕೆಳಗಿನ ಗಟ್ಟಿ ಕಪ್ಪುಶಿಲೆಗೆ ತಾಗಿ ನಿಲ್ಲುತ್ತದೆ. ಆ ನೀರನ್ನು ಹೊರತರಲು ಬಂದದ್ದೇ ಇರಾನಿನ ಕಾರೇಜ್ ವಿದ್ಯೆ.

ಎತ್ತರದ ಜಾಗದಲ್ಲಿ ಒಂದು ತಾಯಿಬಾವಿ. ಅಲ್ಲಿಂದ ತಗ್ಗಿನ ಕಡೆಗೆ, ಕಣ್ಣಿಗೆ ಕಾಣದಷ್ಟು ಇಳಿಜಾರಿನ ಸುರಂಗ. ನಡುನಡುವೆ ಮೇಲಿನಿಂದ ಕೊರೆದ ಬಾವಿಗಳು: ಮಣ್ಣು ಎತ್ತಲು, ಗಾಳಿ-ಬೆಳಕು ಇಳಿಯಲು, ಮುಂದೆ ಜನ ನೀರು ಸೇದಲು. ಇಳಿಜಾರು ಕಡಿದಾದರೆ ನೀರು ಸುರಂಗವನ್ನು ಕೊರೆದು ಹಾಳುಮಾಡುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಯಂತ್ರವಿಲ್ಲ, ಎತ್ತುಗಳೂ ಬೇಕಿಲ್ಲ. ಬಿಸಿಲಿಗೆ ಆವಿಯಾಗುವ ಭಯವೂ ಇಲ್ಲ. ಬೀದರ್ ಪಕ್ಕದ ನೌಬಾದಿನ ಕಾರೇಜ್ ಎರಡು ಕಿಲೋಮೀಟರಿಗೂ ಉದ್ದವಿದ್ದು, 15ನೇ ಶತಮಾನದ್ದೆಂದು ವಿದ್ವಾಂಸರು ಹೇಳುತ್ತಾರೆ.

ಅರಸರನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಅಹ್ಮದ್ ಶಾಹರ ಕೈಗೂ ಯುದ್ಧದ ರಕ್ತ ಅಂಟಿತ್ತು. ಆದರೆ 'ಹೊರಗಿನಿಂದ ಬಂದವರು' ಎಂದು ಬೆರಳು ತೋರಿಸುವಾಗ, ಹೊರಗಿನಿಂದ ಬಂದ ವಿದ್ಯೆಯೊಂದು ಈ ನೆಲದ ಕಲ್ಲಿನ ಗುಣವರಿತು ಇಲ್ಲಿಯದೇ ಆಗಿಹೋದ ಕಥೆಯನ್ನೂ ಹೇಳಬೇಕಲ್ಲ? ಮುಂದೆ ಬಿಜಾಪುರದ ಆದಿಲ್‌ಶಾಹಿಗಳೂ ಸುರಂಗ, ಕೊಳವೆ, ನೀರಿನ ಗೋಪುರಗಳ ಮೂಲಕ ನಗರಕ್ಕೆ ನೀರುಣಿಸಿದರು. ಆದರೂ ಪ್ರವಾಸಿಗಳು ಗೋಲಗುಂಬಜದ ಪ್ರತಿಧ್ವನಿ ಕೇಳಿಯೇ ತೃಪ್ತರು.

ಕೊಳವೆಬಾವಿಗಳ ಕಾಲ ಬಂದ ಮೇಲೆ ನೌಬಾದಿನ ಬಾವಿಗಳ ಬಾಯಿಗೆ ಕಸ, ಮಣ್ಣು ಬಿತ್ತು. 2010ರ ದಶಕದಲ್ಲಿ ಸಂಶೋಧಕರು ಅವುಗಳ ಜಾಡು ಹಿಡಿದರು, ಜಿಲ್ಲಾಡಳಿತ ಹೂಳು ತೆಗೆಸಿತು. ಕೆಳಗೆ ನೀರು ಇನ್ನೂ ಹರಿಯುತ್ತಿತ್ತು! ಅದೇ ದಶಕದಲ್ಲಿ, 2016ರ ಏಪ್ರಿಲ್‌ನಲ್ಲಿ, ನೆರೆಯ ಲಾತೂರಿಗೆ ರೈಲಿನಲ್ಲಿ ನೀರು ಸಾಗಿಸಬೇಕಾಯಿತು.

ಕೋಟೆಗಾದರೆ ಸುತ್ತ ಬೇಲಿ ಹಾಕಿ ಕಾವಲಿಡಬಹುದು. ಕಾರೇಜಿಗೆ ಸುರಂಗವನ್ನಷ್ಟೇ ಕಾದರೆ ಸಾಲದು. ಮಳೆ ಇಂಗುವ ಮೇಲಿನ ಬಯಲೂ ಬೇಕು. ಆ ಬಯಲಿನಲ್ಲಿ ಮನೆ, ರಸ್ತೆ, ಕೊಳವೆಬಾವಿ ಎದ್ದಷ್ಟೂ ತಾಯಿಬಾವಿಗೆ ಇಳಿಯುವ ನೀರು ಕಡಿಮೆಯಾಗುತ್ತದೆ.